ಫ್ರೀಡ್ರಿಕ್ ವಿಲ್ಹೆಲ್ಮ್ ಬೆಸೆಲ್

ಫ್ರೀಡ್ರಿಕ್ ವಿಲ್ಹೆಲ್ಮ್ ಬೆಸೆಲ್ (22 ಜುಲೈ 1784 – 17 ಮಾರ್ಚ್ 1846) ಜರ್ಮನಿಯ ಖಗೋಳವಿಜ್ಞಾನಿ, ಗಣಿತವಿದ ಮತ್ತು ಭೂಮಾಪನ ಶಾಸ್ತ್ರಜ್ಞ. ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರದ ದೂರವನ್ನು ನಂಬಲರ್ಹವಾಗಿ ಅಳೆದು ಪ್ರಕಟಿಸಿದವರಲ್ಲಿ ಮೊದಲಿಗನೆಂದು ಈತನನ್ನು ಪರಿಗಣಿಸಲಾಗಿದೆ. ವೃತ್ತ ಅಥವಾ ಸಿಲಿಂಡರಿನ ಸಮಮಿತಿಯುಳ್ಳ ಆಂಶಿಕ ಅವಕಲ ಸಮೀಕರಣಗಳನ್ನು ಬಿಡಿಸುವಾಗ ತಾವಾಗಿಯೇ ಎದುರಾಗುವ ಬೆಸೆಲ್ ಉತ್ಪನ್ನಗಳು ಈತನ ಹೆಸರನ್ನು ಹೊತ್ತಿವೆ. ಇವನ್ನು ಬೆಸೆಲ್ ಫಂಕ್ಷನ್‌ಗಳೆಂದೂ ಸಿಲಿಂಡರ್ ಉತ್ಪನ್ನಗಳೆಂದೂ ಕರೆಯುವುದುಂಟು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ವ್ಯಾಪಾರದ ಕೋಠಿಯೊಂದರಲ್ಲಿ ಉಮೇದುವಾರನಾಗಿ ಸೇರಿದ ಬೆಸೆಲ್, ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಕಲಿಯದೆಯೇ ಯೂರೋಪಿನ ಅಗ್ರಗಣ್ಯ ವಿಜ್ಞಾನಿಗಳಲ್ಲಿ ಒಬ್ಬನಾದನು.

ಬಾಲ್ಯ ಮತ್ತು ವ್ಯಾಪಾರದ ದಿನಗಳು

ಬೆಸೆಲ್ ಜನಿಸಿದ್ದು ಅಂದಿನ ಪ್ರಷ್ಯ ರಾಜ್ಯಕ್ಕೆ ಸೇರಿದ್ದ ಮಿಂಡೆನ್ ಪಟ್ಟಣದಲ್ಲಿ. ತಂದೆ ಸರ್ಕಾರಿ ನೌಕರ. ಮೂವರು ಗಂಡು ಮತ್ತು ಆರು ಹೆಣ್ಣು ಮಕ್ಕಳಿದ್ದ ಆ ಕುಟುಂಬಕ್ಕೆ ವರಮಾನ ಸಾಲದಾಗಿತ್ತು. ಮಿಂಡೆನ್ನಿನ ಪ್ರೌಢಶಾಲೆಯಲ್ಲಿ ಬಾಲಕ ವಿಶೇಷ ಪ್ರತಿಭೆಯನ್ನೇನೂ ತೋರಲಿಲ್ಲ. ಅಂದಿನ ವಿದ್ಯಾಭ್ಯಾಸದ ತಳಹದಿಯಾಗಿದ್ದ ಲ್ಯಾಟಿನ್ ಭಾಷೆ ಅವನಿಗೆ ಹಿಡಿಸಲಿಲ್ಲ. ಲೆಕ್ಕದಲ್ಲಿ ಮಾತ್ರ ಆಸಕ್ತಿಯಿತ್ತು. ಹೀಗಾಗಿ ಶಾಲೆ ಬಿಡಿಸಿ ವ್ಯಾಪಾರಕ್ಕೆ ಹಚ್ಚುವುದೇ ಮೇಲೆಂದು ಹಿರಿಯರು ನಿರ್ಧರಿಸಿದರು.

1799ರ ಜನವರಿಯಲ್ಲಿ ಬೆಸೆಲ್ ಬ್ರೆಮೆನ್ ಬಂದರಿನ ಕುಲೆನ್‌ಕಾಂಪ್ ಎಂಬ ಆಮದು-ರಫ್ತು ಸಂಸ್ಥೆಯನ್ನು ಸೇರಿದನು. ಏಳು ವರ್ಷಗಳ ಕಾಲ ಅಲ್ಲಿ ಕೆಲಸ ಕಲಿಯಬೇಕೆಂಬುದು ಕರಾರು. ಹಗಲು ಲೆಕ್ಕದ ಪುಸ್ತಕಗಳನ್ನು ಬರೆಯುವುದು, ರಾತ್ರಿ ಸ್ವಂತ ಓದು ಎಂಬಂತೆ ಅವನ ದಿನಚರಿ ಸಾಗಿತು. ದೂರದೇಶದ ವ್ಯಾಪಾರಕ್ಕೆ ಉಪಯೋಗವಾದೀತೆಂದು ಭೂಗೋಳ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳನ್ನು ಕಲಿತನು. ಸರಕು ಹೊತ್ತ ಹಡಗಿನೊಡನೆ ತಾನೂ ಸಮುದ್ರಯಾನ ಮಾಡಬೇಕೆಂಬ ಆಸೆ ಅವನಿಗಿತ್ತು. ಅದಕ್ಕಾಗಿ ನೌಕಾಯಾನ ಶಾಸ್ತ್ರವನ್ನು ಓದತೊಡಗಿದಾಗ, ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ಕಂಡುಕೊಳ್ಳುವ ಸಮಸ್ಯೆ ಎದುರಾಯಿತು. ಅದನ್ನು ತಿಳಿಯಲು ಖಗೋಳವಿಜ್ಞಾನ ಬೇಕಾಯಿತು. ಖಗೋಳವಿಜ್ಞಾನವನ್ನು ತಿಳಿಯಲು ಗಣಿತ ಬೇಕಾಯಿತು. ವ್ಯಾಪಾರದ ನೆಪದಲ್ಲಿ ಆರಂಭವಾದ ಓದು ಅವನನ್ನು ವ್ಯಾಪಾರದಿಂದಲೇ ದೂರ ಒಯ್ದಿತು.

ಓಲ್ಬರ್ಸನ ನೆರವು

1804ರಲ್ಲಿ, ಇಪ್ಪತ್ತರ ಹರೆಯದ ಬೆಸೆಲ್, ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು ಲೆಕ್ಕಹಾಕಿ ಒಂದು ಪ್ರಬಂಧವನ್ನು ಬರೆದನು. ಇದಕ್ಕೆ ಆಧಾರವಾದುದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1607ರಲ್ಲಿ ಮಾಡಿದ್ದ ವೀಕ್ಷಣೆಗಳು. ಬ್ರೆಮೆನ್ನಿನಲ್ಲಿ ವೈದ್ಯನಾಗಿದ್ದು, ಧೂಮಕೇತುಗಳ ವಿಷಯದಲ್ಲಿ ದೊಡ್ಡ ವಿದ್ವಾಂಸನೆನಿಸಿದ್ದ ಹೈನ್ರಿಕ್ ಓಲ್ಬರ್ಸನಿಗೆ ಆ ಪ್ರಬಂಧವನ್ನು ಒಪ್ಪಿಸಿದನು. ಓಲ್ಬರ್ಸ್ ಅದರ ಮೌಲ್ಯವನ್ನು ಕೂಡಲೇ ಗುರುತಿಸಿ, ಅದನ್ನು ಪರಿಷ್ಕರಿಸಲು ಸಲಹೆಯಿತ್ತು, ಅಂದಿನ ಪ್ರಮುಖ ಖಗೋಳ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದನು. ಅಲ್ಲಿಂದ ಮುಂದೆ ಇಬ್ಬರ ನಡುವೆ ಜೀವಮಾನವಿಡೀ ಉಳಿದ ಸ್ನೇಹ ಬೆಳೆಯಿತು.

1806ರಲ್ಲಿ ಬೆಸೆಲ್‌ನ ಮುಂದೆ ಕಠಿಣವಾದ ಆಯ್ಕೆಯೊಂದು ಬಂದಿತು. ಏಳು ವರ್ಷಗಳ ತರಬೇತಿ ಮುಗಿಯುತ್ತಿತ್ತು. ವ್ಯಾಪಾರ ಸಂಸ್ಥೆಯಲ್ಲಿ ಉತ್ತಮ ಸಂಬಳದ ಹುದ್ದೆ ಕಾದಿತ್ತು. ಅದೇ ವೇಳೆಗೆ ಬ್ರೆಮೆನ್ನಿನ ಬಳಿಯ ಲಿಲಿಯೆಂಟಾಲಿನಲ್ಲಿ ಯೋಹಾನ್ ಶ್ರೋಟರನ ಖಾಸಗಿ ವೀಕ್ಷಣಾಲಯದಲ್ಲಿ ಸಹಾಯಕನ ಸ್ಥಾನ ತೆರವಾಯಿತು. ಅಲ್ಲಿಯ ವೇತನ ತೀರ ಅಲ್ಪ. ಬೆಸೆಲ್ ನಕ್ಷತ್ರಗಳನ್ನೇ ಆರಿಸಿಕೊಂಡನು. ಬಡ ಕುಟುಂಬದ ಮಗನಿಗೆ ಇದು ಸಣ್ಣ ಸಾಹಸವಾಗಿರಲಿಲ್ಲ.

ಕೋನಿಗ್ಸ್‌ಬರ್ಗ್ ವೀಕ್ಷಣಾಲಯ

ನೆಪೋಲಿಯನ್‌ನೊಡನೆ ನಡೆದ ಯುದ್ಧದಲ್ಲಿ ಸೋತು ಪ್ರಷ್ಯ ಜರ್ಝರಿತವಾಗಿದ್ದ ಕಾಲವದು. ಆದರೂ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮ್ ಕೋನಿಗ್ಸ್‌ಬರ್ಗ್ ನಗರದಲ್ಲಿ ಹೊಸ ವೀಕ್ಷಣಾಲಯವನ್ನು ಸ್ಥಾಪಿಸಲು ನಿರ್ಧರಿಸಿ, ಅದರ ನಿರ್ದೇಶಕನ ಸ್ಥಾನಕ್ಕೆ ಇಪ್ಪತ್ತೈದು ವರ್ಷದ ಬೆಸೆಲ್‌ನನ್ನು ಆಹ್ವಾನಿಸಿದನು. 1810ರಲ್ಲಿ ಬೆಸೆಲ್ ಅಲ್ಲಿಗೆ ತೆರಳಿದನು. ಪ್ರಾಧ್ಯಾಪಕನಾಗಲು ಡಾಕ್ಟರೇಟ್ ಪದವಿ ಅಗತ್ಯವಾಗಿತ್ತು. ಬೆಸೆಲ್‌ನಿಗಾದರೋ ಯಾವ ಪದವಿಯೂ ಇರಲಿಲ್ಲ. ಆಗ ಮಹಾಗಣಿತವಿದ ಕಾರ್ಲ್ ಫ್ರೀಡ್ರಿಕ್ ಗೌಸನ ಶಿಫಾರಸಿನ ಮೇರೆಗೆ ಗಟಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟನ್ನು ನೀಡಿತು. ವೀಕ್ಷಣಾಲಯದ ಕಟ್ಟಡ 1813ರಲ್ಲಿ ಪೂರ್ಣಗೊಂಡಿತು. ಬರ್ಲಿನ್ನಿಗೆ ಬರಲು ಕರೆ ಬಂದಾಗಲೂ ಒಪ್ಪದೆ, ಬೆಸೆಲ್ ಜೀವನದ ಕೊನೆಯವರೆಗೂ ಅಲ್ಲಿಯೇ ದುಡಿದನು.

1812ರಲ್ಲಿ ಬೆಸೆಲ್ ಅದೇ ನಗರದ ರಸಾಯನವಿಜ್ಞಾನಿ ಕಾರ್ಲ್ ಗಾಟ್‌ಫ್ರೀಡ್ ಹಾಗೆನ್‌ನ ಮಗಳು ಯೊಹಾನ್ನಾಳನ್ನು ವಿವಾಹವಾದನು. ಇವರಿಗೆ ಇಬ್ಬರು ಗಂಡು ಮತ್ತು ಮೂವರು ಹೆಣ್ಣು ಮಕ್ಕಳು. ಮುಂದೆ 1826ರಲ್ಲಿ ಗಣಿತವಿದ ಯಾಕೋಬಿ ಹಾಗೂ ಭೌತವಿಜ್ಞಾನಿ ಫ್ರಾಂಟ್ಸ್ ನಾಯ್‌ಮನ್ ಕೋನಿಗ್ಸ್‌ಬರ್ಗಿಗೆ ಬಂದರು. ನಾಯ್‌ಮನ್ ಹಾಗೆನ್‌ನ ಇನ್ನೊಬ್ಬ ಮಗಳನ್ನು ಮದುವೆಯಾಗಿ ಬೆಸೆಲ್‌ನ ಷಡ್ಡಕನಾದನು. ಈ ಮೂವರಿಂದಾಗಿ ಪ್ರಷ್ಯದ ಮೂಲೆಯಲ್ಲಿದ್ದ ನಗರ ವಿಜ್ಞಾನ ಶಿಕ್ಷಣದ ಹೆಸರಾಂತ ಕೇಂದ್ರವಾಯಿತು.

ನಿಖರತೆಯ ಸಾಧನೆ

ಗ್ರೀನಿಚ್ ವೀಕ್ಷಣಾಲಯದಲ್ಲಿ ಜೇಮ್ಸ್ ಬ್ರಾಡ್ಲಿ 1750ರಿಂದ 1762ರವರೆಗೆ ನಡೆಸಿದ ನಕ್ಷತ್ರ ವೀಕ್ಷಣೆಗಳು ಬಹುಕಾಲ ಸಂಸ್ಕರಣೆಯಿಲ್ಲದೆ ಉಳಿದಿದ್ದವು. ಓಲ್ಬರ್ಸನ ಪ್ರೇರಣೆಯಿಂದ ಬೆಸೆಲ್ ಆ ಕೆಲಸವನ್ನು ಕೈಗೆತ್ತಿಕೊಂಡನು. ವಾತಾವರಣದಲ್ಲಿ ಬೆಳಕು ಬಾಗುವುದು, ಭೂಮಿಯ ಅಕ್ಷದ ಓಲಾಟ, ಉಪಕರಣದ ಸೂಕ್ಷ್ಮ ದೋಷ ಮುಂತಾದ ಒಂದೊಂದು ಕಾರಣವನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಿ ಕಳೆದನು. 1818ರಲ್ಲಿ ಪ್ರಕಟವಾದ ಫಂಡಮೆಂಟಾ ಅಸ್ಟ್ರೊನಾಮಿಯೆ ಎಂಬ ಗ್ರಂಥದಲ್ಲಿ 3222 ನಕ್ಷತ್ರಗಳ ಸ್ಥಾನಗಳನ್ನು ಹೀಗೆ ನಿರ್ಧರಿಸಲಾಗಿತ್ತು. ಆಧುನಿಕ ಸ್ಥಾನಮಾಪನ ಖಗೋಳಶಾಸ್ತ್ರಕ್ಕೆ ಇದೇ ಅಡಿಗಲ್ಲು. 1830ರಲ್ಲಿ ಹೊರಬಂದ ಟ್ಯಾಬುಲೆ ರೆಜಿಯೊಮೊಂಟಾನೆ ಎಂಬ ಕೋಷ್ಟಕಗಳ ಗ್ರಂಥವೂ ಇದೇ ದಾರಿಯಲ್ಲಿ ಮುಂದುವರಿಯಿತು. ಇದಲ್ಲದೆ 1821ರಿಂದ 1833ರವರೆಗೆ ಸುಮಾರು 75,000 ನಕ್ಷತ್ರಗಳನ್ನು ಬೆಸೆಲ್ ವೀಕ್ಷಿಸಿದನು.

ಅಳೆಯುವ ಮನುಷ್ಯನೂ ಒಂದು ಉಪಕರಣವೇ ಎಂಬುದನ್ನು ಮನಗಾಣಿಸಿದ್ದು ಬೆಸೆಲ್‌ನ ಇನ್ನೊಂದು ಕೊಡುಗೆ. 1796ರಲ್ಲಿ ಗ್ರೀನಿಚ್ಚಿನ ಮುಖ್ಯಸ್ಥ ಮಾಸ್ಕೆಲಿನ್, ತನ್ನ ಸಹಾಯಕ ಕಿನ್ನೆಬ್ರೂಕ್ ನಕ್ಷತ್ರ ಹಾದುಹೋಗುವ ಕ್ಷಣವನ್ನು ಸುಮಾರು 0.8 ಸೆಕೆಂಡಿನಷ್ಟು ತಡವಾಗಿ ಗುರುತಿಸುತ್ತಾನೆಂಬ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆದಿದ್ದನು. ಬೆಸೆಲ್ ಈ ಪ್ರಸಂಗವನ್ನು ಓದಿ, ಅದು ಅಸಡ್ಡೆಯಾಗಿರಲಾರದೆಂದು ಶಂಕಿಸಿದನು. 1820ರ ದಶಕದಲ್ಲಿ ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳವಿಜ್ಞಾನಿಗಳ ವೀಕ್ಷಣೆಗಳೊಡನೆ ಹೋಲಿಸಿದಾಗ ಒಂದು ಸೆಕೆಂಡಿಗೂ ಮಿಗಿಲಾದ ವ್ಯತ್ಯಾಸ ಕಂಡುಬಂದಿತು. ಒಬ್ಬೊಬ್ಬ ವೀಕ್ಷಕನಿಗೂ ತನ್ನದೇ ಆದ ವಿಳಂಬವಿರುತ್ತದೆ ಎಂಬ ಈ ತಿಳಿವು ವೈಯಕ್ತಿಕ ಸಮೀಕರಣ ಎಂದು ಹೆಸರಾಯಿತು. ಮುಂದೆ ಮನಶ್ಶಾಸ್ತ್ರದ ಪ್ರಯೋಗಗಳಿಗೂ ಇದು ಪ್ರೇರಣೆ ನೀಡಿತು. ಕೆಲಸ ಕಳೆದುಕೊಂಡ ಸಹಾಯಕನ ದೋಷ ಮನುಷ್ಯ ಸಹಜವಾದುದೆಂದು ಹೀಗೆ ತಡವಾಗಿ ಸಿದ್ಧವಾಯಿತು.

ಬೆಸೆಲ್ ಉತ್ಪನ್ನಗಳ ಹುಟ್ಟು

ಬೆಸೆಲ್ ಉತ್ಪನ್ನಗಳು ಬೆಸೆಲ್‌ನಿಗಿಂತ ಹಿಂದೆಯೇ ಗಣಿತದಲ್ಲಿ ಕಾಣಿಸಿಕೊಂಡಿದ್ದವು. ಡೇನಿಯಲ್ ಬರ್ನೂಲಿ 1730ರ ದಶಕದಲ್ಲಿ, ಮೇಲ್ತುದಿಯಿಂದ ತೂಗುಬಿಟ್ಟ ಭಾರವಾದ ಸರಪಳಿಯ ಓಲಾಟವನ್ನು ಪರಿಶೀಲಿಸುವಾಗ ಇವುಗಳಲ್ಲಿ ಮೊದಲನೆಯದನ್ನು ಕಂಡನು. ಆಯ್ಲರ್ 1764ರಲ್ಲಿ ವೃತ್ತಾಕಾರದ ಪೊರೆಯ ಕಂಪನವನ್ನು ವಿಶ್ಲೇಷಿಸುವಾಗಲೂ, ಲಗ್ರಾಂಜ್ ಗ್ರಹಗಳ ಚಲನೆಯನ್ನು ಕುರಿತು ಬರೆಯುವಾಗಲೂ, ಫೂರಿಯೆ 1822ರ ತನ್ನ ಗ್ರಂಥದಲ್ಲಿ ಘನ ಸಿಲಿಂಡರಿನೊಳಗೆ ಶಾಖ ಹರಿಯುವ ಬಗೆಯನ್ನು ವಿವರಿಸುವಾಗಲೂ ಇವೇ ಉತ್ಪನ್ನಗಳನ್ನು ಬಳಸಿದರು. ಆದರೆ ಪ್ರತಿಯೊಬ್ಬರಿಗೂ ಅವು ಬೇರೊಂದು ಸಮಸ್ಯೆಯ ನಡುವೆ ಸಿಕ್ಕ ಸಾಧನಗಳಾಗಿದ್ದವು.

ಬೆಸೆಲ್ ಇವುಗಳ ಬಳಿಗೆ ಬಂದುದು ಕೆಪ್ಲರನ ಸಮಸ್ಯೆಯ ಮೂಲಕ. ಗ್ರಹವು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಸಾಗುವಾಗ ಅದರ ವೇಗ ಒಂದೇ ಸಮನಾಗಿರುವುದಿಲ್ಲ. ಕಕ್ಷೆಯಲ್ಲಿನ ಸ್ಥಾನ ಗೊತ್ತಿದ್ದರೆ, ಅಲ್ಲಿಗೆ ತಲುಪಲು ಹಿಡಿದ ಕಾಲವನ್ನು ಸುಲಭವಾಗಿ ಲೆಕ್ಕಹಾಕಬಹುದು. ಆದರೆ ಕಾಲವನ್ನು ಕೊಟ್ಟು ಸ್ಥಾನವನ್ನು ಕೇಳಿದರೆ ಸರಳವಾದ ಸೂತ್ರ ಸಿಗದು. ಉತ್ತರವನ್ನು ಸೈನ್ ಪದಗಳ ಅನಂತ ಶ್ರೇಣಿಯಾಗಿ ಬರೆಯಬೇಕಾಗುತ್ತದೆ. ಆ ಶ್ರೇಣಿಯ ಗುಣಾಂಕಗಳೇ ಬೆಸೆಲ್ ಉತ್ಪನ್ನಗಳು. ಬೆಸೆಲ್ ಇವನ್ನು ನಿಶ್ಚಿತ ಅನುಕಲಗಳ ರೂಪದಲ್ಲಿ ಬರೆದನು. ಕೋನವೊಂದನ್ನು ಪೂರ್ಣಾಂಕದಿಂದ ಗುಣಿಸಿ, ಅದರಿಂದ ಚರ ಮತ್ತು ಆ ಕೋನದ ಸೈನ್‌ಗಳ ಗುಣಲಬ್ಧವನ್ನು ಕಳೆದು, ಉಳಿದುದರ ಕೊಸೈನ್ ಮೌಲ್ಯವನ್ನು ಅರ್ಧವೃತ್ತದ ಉದ್ದಕ್ಕೂ ಸರಾಸರಿ ಮಾಡಿದರೆ ಬೆಸೆಲ್ ಉತ್ಪನ್ನ ದೊರೆಯುತ್ತದೆ. ಆ ಪೂರ್ಣಾಂಕವನ್ನು ಉತ್ಪನ್ನದ ದರ್ಜೆ ಎನ್ನುತ್ತಾರೆ.

ಗ್ರಹಗಳ ಕ್ಷೋಭೆಗಳನ್ನು ಕುರಿತು 1824ರಲ್ಲಿ ಬರೆದ ಪ್ರಬಂಧದಲ್ಲಿ ಬೆಸೆಲ್ ಈ ಉತ್ಪನ್ನಗಳನ್ನು ಅವುಗಳ ಸ್ವಂತ ಮಹತ್ವಕ್ಕಾಗಿಯೇ ಅಭ್ಯಸಿಸಿದನು. ಒಂದು ದರ್ಜೆಯ ಮೌಲ್ಯದಿಂದ ಮುಂದಿನ ದರ್ಜೆಯ ಮೌಲ್ಯವನ್ನು ಪಡೆಯುವ ಸಂಬಂಧಗಳನ್ನು ನಿರೂಪಿಸಿ, ಸೊನ್ನೆ ಮತ್ತು ಒಂದನೆಯ ದರ್ಜೆಗಳಿಗೆ ಕೋಷ್ಟಕವನ್ನೂ ಸಿದ್ಧಪಡಿಸಿದನು. ಚದುರಿದ್ದ ಸಾಧನಗಳು ಹೀಗೆ ಒಂದು ವ್ಯವಸ್ಥಿತ ಕುಟುಂಬವಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶ್ಲೋಮಿಲ್ಶ್, ಲೊಮೆಲ್ ಮುಂತಾದ ಗಣಿತವಿದರ ಬರಹಗಳ ಮೂಲಕ ಬೆಸೆಲ್‌ನ ಹೆಸರು ಅವಕ್ಕೆ ಸ್ಥಿರವಾಯಿತು.

ವೃತ್ತ ಮತ್ತು ಸಿಲಿಂಡರಿನ ಸಮಸ್ಯೆಗಳಲ್ಲಿ ಬಳಕೆ

ಗ್ರಹದ ಚಲನೆಗೂ ಮದ್ದಳೆಯ ಪೊರೆಗೂ ಮೇಲುನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೂ ಎರಡರ ಗಣಿತದಲ್ಲೂ ಒಂದೇ ಉತ್ಪನ್ನ ಬರುತ್ತದೆ. ಅಂಚನ್ನು ಬಿಗಿದು ಕಟ್ಟಿದ ವೃತ್ತಾಕಾರದ ಪೊರೆಯ ಕಂಪನವನ್ನು ಒಂದು ಆಂಶಿಕ ಅವಕಲ ಸಮೀಕರಣ ವರ್ಣಿಸುತ್ತದೆ. ಅಂಚು ವೃತ್ತವಾದುದರಿಂದ ಉದ್ದ-ಅಗಲಗಳಿಗೆ ಬದಲಾಗಿ, ಕೇಂದ್ರದಿಂದ ಇರುವ ದೂರ ಮತ್ತು ಕೋನ ಇವನ್ನು ನಿರ್ದೇಶಾಂಕಗಳಾಗಿ ತೆಗೆದುಕೊಳ್ಳುವುದು ಅನುಕೂಲ. ಆಗ ಚರಗಳನ್ನು ಬೇರ್ಪಡಿಸುವ ವಿಧಾನವನ್ನು ಅನ್ವಯಿಸಬಹುದು. ಉತ್ತರವು ಕಾಲ, ಕೋನ ಮತ್ತು ದೂರ ಈ ಮೂರನ್ನು ಪ್ರತ್ಯೇಕವಾಗಿ ಅವಲಂಬಿಸಿದ ಮೂರು ಅಂಶಗಳ ಗುಣಲಬ್ಧವೆಂದು ಭಾವಿಸಿದರೆ, ಒಂದು ಕಠಿಣ ಸಮೀಕರಣ ಮೂರು ಸರಳ ಸಮೀಕರಣಗಳಾಗಿ ಒಡೆಯುತ್ತದೆ.

ಕಾಲದ ಅಂಶಕ್ಕೆ ಸೈನ್ ಮತ್ತು ಕೊಸೈನ್‌ಗಳು ಉತ್ತರ. ಕೋನದ ಅಂಶಕ್ಕೂ ಅವೇ ಉತ್ತರ. ಆದರೆ ಒಂದು ಸುತ್ತು ಮುಗಿಸಿ ಬಂದಾಗ ಮೊದಲಿನ ಮೌಲ್ಯವೇ ದೊರೆಯಬೇಕಾದುದರಿಂದ ಅಲ್ಲಿ ಪೂರ್ಣಾಂಕಗಳಿಗಷ್ಟೇ ಅವಕಾಶ. ದೂರದ ಅಂಶಕ್ಕೆ ಉಳಿಯುವುದೇ ಬೆಸೆಲ್ ಸಮೀಕರಣ. ಕೋನದಿಂದ ಬಂದ ಪೂರ್ಣಾಂಕವೇ ಅದರ ದರ್ಜೆ. ಈ ಸಮೀಕರಣಕ್ಕೆ ಎರಡು ಬಗೆಯ ಉತ್ತರಗಳಿವೆ. ಮೊದಲನೆಯ ಬಗೆಯದು ಕೇಂದ್ರದಲ್ಲಿ ಮಿತವಾಗಿರುತ್ತದೆ, ಎರಡನೆಯದು ಅನಂತವಾಗುತ್ತದೆ. ಪೊರೆಯ ಅಥವಾ ಘನ ಸಿಲಿಂಡರಿನ ಕೇಂದ್ರದಲ್ಲಿ ಮೌಲ್ಯ ಅನಂತವಾಗಲಾರದಾದ್ದರಿಂದ ಎರಡನೆಯದನ್ನು ಕೈಬಿಡಬೇಕು. ಟೊಳ್ಳಾದ ಕೊಳವೆಯಲ್ಲಿ ಕೇಂದ್ರ ವಸ್ತುವಿನ ಹೊರಗೇ ಉಳಿಯುವುದರಿಂದ ಎರಡೂ ಬೇಕಾಗುತ್ತವೆ.

ಸೊನ್ನೆ ದರ್ಜೆಯ ಮೊದಲ ಬಗೆಯ ಉತ್ಪನ್ನವನ್ನು ಶ್ರೇಣಿಯಾಗಿ ಬರೆಯುವುದು ಸುಲಭ. 1ರಿಂದ ಆರಂಭಿಸಿ, ಚರದ ವರ್ಗವನ್ನು 4ರಿಂದ ಭಾಗಿಸಿ ಕಳೆಯಬೇಕು, ನಾಲ್ಕನೆಯ ಘಾತವನ್ನು 64ರಿಂದ ಭಾಗಿಸಿ ಕೂಡಬೇಕು, ಆರನೆಯ ಘಾತವನ್ನು 2304ರಿಂದ ಭಾಗಿಸಿ ಕಳೆಯಬೇಕು, ಹೀಗೆಯೇ ಮುಂದುವರಿಯಬೇಕು. ಇದರ ನಕ್ಷೆ ದೂರ ಸರಿದಂತೆ ತಗ್ಗುತ್ತ ಹೋಗುವ ಅಲೆಯಂತಿರುತ್ತದೆ. ಚರವು 2.405, 5.520, 8.654 ಮುಂತಾದ ಮೌಲ್ಯಗಳನ್ನು ಪಡೆದಾಗ ಉತ್ಪನ್ನ ಸೊನ್ನೆಯಾಗುತ್ತದೆ. ಪೊರೆಯ ಅಂಚು ಅಲುಗಬಾರದೆಂಬ ನಿಬಂಧನೆ ಇರುವುದರಿಂದ, ಅಂಚಿನಲ್ಲಿ ಉತ್ಪನ್ನ ಸೊನ್ನೆಯಾಗಲೇಬೇಕು. ಹೀಗಾಗಿ ಈ ಸಂಖ್ಯೆಗಳೇ ಪೊರೆಯ ಸ್ವರಗಳನ್ನು ನಿರ್ಧರಿಸುತ್ತವೆ. ತಂತಿಯ ಮೇಲುಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯವು. ಏಕರೂಪದ ಪೊರೆಯ ಮೊದಲ ಮೇಲುಸ್ವರವಾದರೋ ಮೂಲದ ಸುಮಾರು 1.59 ಪಟ್ಟು, ಎರಡನೆಯದು ಸುಮಾರು 2.14 ಪಟ್ಟು. ಸಾಮಾನ್ಯ ಡೋಲಿನ ನಾದದಲ್ಲಿ ಶ್ರುತಿ ಸ್ಪಷ್ಟವಾಗದಿರುವುದಕ್ಕೆ ಇದೇ ಕಾರಣ. ಮೃದಂಗ ಮತ್ತು ತಬಲಗಳಲ್ಲಿ ಪೊರೆಯ ನಡುವೆ ಮೆತ್ತುವ ಕಪ್ಪು ಕರಣೆ ಈ ಅನುಪಾತಗಳನ್ನು ಪೂರ್ಣಾಂಕಗಳ ಸಮೀಪಕ್ಕೆ ತರುತ್ತದೆ. ಇದನ್ನು ಸಿ. ವಿ. ರಾಮನ್ ಪ್ರಯೋಗಗಳಿಂದ ವಿವರಿಸಿದರು.

ಬಿಸಿ ಸಿಲಿಂಡರೊಂದರ ಹೊರಮೈಯನ್ನು ತಣ್ಣೀರಿನಲ್ಲಿಟ್ಟು ಒಂದೇ ಉಷ್ಣತೆಯಲ್ಲಿ ಕಾಯ್ದರೆ ಒಳಗಿನ ಶಾಖ ಇಳಿಯುವ ಬಗೆಗೂ ಇವೇ ಸಂಖ್ಯೆಗಳು ಅನ್ವಯಿಸುತ್ತವೆ. ಆರಂಭದ ಉಷ್ಣತೆಯನ್ನು ಬೆಸೆಲ್ ಉತ್ಪನ್ನಗಳ ಮೊತ್ತವಾಗಿ ಬರೆದರೆ, ಪ್ರತಿಯೊಂದು ಪದವೂ ತನ್ನ ಸಂಖ್ಯೆಯ ವರ್ಗಕ್ಕೆ ಅನುಗುಣವಾದ ದರದಲ್ಲಿ ಕ್ಷೀಣಿಸುತ್ತದೆ. ಎರಡನೆಯ ಪದದ ದರ ಮೊದಲನೆಯದರ ಐದು ಪಟ್ಟಿಗೂ ಹೆಚ್ಚು. ಆದಕಾರಣ ಸ್ವಲ್ಪ ಕಾಲ ಕಳೆದ ಮೇಲೆ ಮೊದಲ ಪದವೊಂದೇ ಗಣನೆಗೆ ಉಳಿಯುತ್ತದೆ. ದೂರದರ್ಶಕದ ದುಂಡು ಮಸೂರದಲ್ಲಿ ನಕ್ಷತ್ರದ ಬಿಂಬ ಪುಟ್ಟ ಬಿಲ್ಲೆಯಾಗಿ ಕಾಣುವುದು, ದ್ಯುತಿತಂತುವಿನಲ್ಲಿ ಬೆಳಕು ಸಾಗುವುದು, ಎಫ್‌ಎಂ ರೇಡಿಯೋ ಸಂಕೇತದ ಶಕ್ತಿ ಹಂಚಿಹೋಗುವುದು ಇವೆಲ್ಲವನ್ನೂ ಬೆಸೆಲ್ ಉತ್ಪನ್ನಗಳಿಂದ ಲೆಕ್ಕಹಾಕುತ್ತಾರೆ.

ನಕ್ಷತ್ರದ ದೂರ

ಭೂಮಿ ಸೂರ್ಯನನ್ನು ಸುತ್ತುವುದು ನಿಜವಾದರೆ, ಹತ್ತಿರದ ನಕ್ಷತ್ರಗಳು ವರ್ಷದ ಅವಧಿಯಲ್ಲಿ ಅತ್ತಿತ್ತ ಸರಿದಂತೆ ಕಾಣಬೇಕು. ಈ ತೋರಿಕೆಯ ಸ್ಥಾನಪಲ್ಲಟವನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಕೊಪರ್ನಿಕಸನ ಕಾಲದಿಂದ ಸುಮಾರು ಮುನ್ನೂರು ವರ್ಷ ಅದನ್ನು ಅಳೆಯಲು ನಡೆದ ಪ್ರಯತ್ನಗಳೆಲ್ಲ ವಿಫಲವಾಗಿದ್ದವು. ಬೆಸೆಲ್ ಇದಕ್ಕಾಗಿ ರಾಜಹಂಸ ಪುಂಜದ 61 ಸಿಗ್ನಿ ಎಂಬ ಮಂಕಾದ ಜೋಡಿ ನಕ್ಷತ್ರವನ್ನು ಆರಿಸಿಕೊಂಡನು. ಅದು ವರ್ಷಕ್ಕೆ ಐದು ಆರ್ಕ್ ಸೆಕೆಂಡಿಗೂ ಹೆಚ್ಚು ಸರಿಯುತ್ತಿದ್ದುದರಿಂದ, ಹೊಳಪು ಕಡಿಮೆಯಾದರೂ ಹತ್ತಿರದಲ್ಲಿರಬೇಕೆಂದು ತರ್ಕಿಸಿದನು. ಫ್ರೌನ್‌ಹೋಫರನ ಕಾರ್ಯಾಗಾರದಲ್ಲಿ ತಯಾರಾಗಿ 1829ರಲ್ಲಿ ಕೋನಿಗ್ಸ್‌ಬರ್ಗಿಗೆ ಬಂದ ಹೀಲಿಯೋಮೀಟರ್ ಅವನ ಸಾಧನ. ಇದರ ಮಸೂರವನ್ನು ನಡುವೆ ಸೀಳಿದ್ದು, ಎರಡು ಹೋಳುಗಳನ್ನು ಸರಿಸಿ ನಕ್ಷತ್ರಗಳ ನಡುವಣ ಸೂಕ್ಷ್ಮ ಅಂತರವನ್ನು ಅಳೆಯಬಹುದಾಗಿತ್ತು.

ಒಂದು ವರ್ಷಕ್ಕೂ ಹೆಚ್ಚು ಕಾಲದ ವೀಕ್ಷಣೆಗಳ ಬಳಿಕ 1838ರಲ್ಲಿ ಬೆಸೆಲ್ ಫಲಿತಾಂಶವನ್ನು ಪ್ರಕಟಿಸಿದನು. ಅವನು ಪಡೆದ ಪ್ಯಾರಲಾಕ್ಸ್ ಸುಮಾರು 0.314 ಆರ್ಕ್ ಸೆಕೆಂಡ್. ಅಂದರೆ ಸುಮಾರು 10.3 ಜ್ಯೋತಿರ್ವರ್ಷ ದೂರ. ಇಂದಿನ ಮಾಪನದಂತೆ ಅದು ಸುಮಾರು 11.4 ಜ್ಯೋತಿರ್ವರ್ಷ. ಸರಿಸುಮಾರು ಅದೇ ಕಾಲದಲ್ಲಿ ಸ್ಟ್ರೂವ ಅಭಿಜಿತ್ ನಕ್ಷತ್ರದ, ಹೆಂಡರ್ಸನ್ ಆಲ್ಫಾ ಸೆಂಟಾರಿ ನಕ್ಷತ್ರದ ಪ್ಯಾರಲಾಕ್ಸನ್ನು ಅಳೆದಿದ್ದರು. ಹೆಂಡರ್ಸನ್ 1832–33ರಲ್ಲೇ ವೀಕ್ಷಣೆಗಳನ್ನು ಮಾಡಿದ್ದರೂ ಪ್ರಕಟಿಸಿದ್ದು 1839ರಲ್ಲಿ. ಸಂದೇಹಕ್ಕೆ ಎಡೆಯಿಲ್ಲದಂತೆ ಮೊದಲು ಮನವರಿಕೆ ಮಾಡಿಕೊಟ್ಟದ್ದು ಬೆಸೆಲ್‌ನ ಮಾಪನ. ಇದಕ್ಕಾಗಿ 1841ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕವನ್ನಿತ್ತಿತು. ಅದೇ ಸಂಸ್ಥೆಯ ಪದಕ 1829ರಲ್ಲೂ ಅವನಿಗೆ ಸಂದಿತ್ತು.

ಕಾಣದ ನಕ್ಷತ್ರಗಳು

ಲುಬ್ಧಕ ಮತ್ತು ಪ್ರೋಸಿಯಾನ್ ನಕ್ಷತ್ರಗಳ ಚಲನೆ ನೇರವಾಗಿರದೆ ಅಲೆಯಂತಿರುವುದನ್ನು ಬೆಸೆಲ್ ಗಮನಿಸಿದನು. ಕಣ್ಣಿಗೆ ಕಾಣದ ಸಂಗಾತಿ ನಕ್ಷತ್ರಗಳು ಅವನ್ನು ಸೆಳೆಯುತ್ತಿರಬೇಕೆಂದು 1844ರಲ್ಲಿ ಘೋಷಿಸಿದನು. ಬೆಳಕು ಬೀರುವುದು ದ್ರವ್ಯರಾಶಿಯ ಅನಿವಾರ್ಯ ಲಕ್ಷಣವಲ್ಲ ಎಂಬುದು ಅವನ ವಾದದ ತಿರುಳು. ಲುಬ್ಧಕದ ಸಂಗಾತಿಯನ್ನು 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕನೂ, ಪ್ರೋಸಿಯಾನಿನ ಸಂಗಾತಿಯನ್ನು 1896ರಲ್ಲಿ ಶೇಬರ್ಲೆಯೂ ಕಂಡರು. ಇವೆರಡೂ ಶ್ವೇತಕುಬ್ಜ ನಕ್ಷತ್ರಗಳೆಂದು ಮುಂದೆ ತಿಳಿದುಬಂದಿತು.

ಭೂಮಾಪನ

ಬೇಯರ್ ಎಂಬ ಸೇನಾಧಿಕಾರಿಯೊಡನೆ ಬೆಸೆಲ್ ಪೂರ್ವ ಪ್ರಷ್ಯದಲ್ಲಿ ನಡೆಸಿದ ಭೂಮಾಪನದ ವರದಿ 1838ರಲ್ಲಿ ಪ್ರಕಟವಾಯಿತು. ಹಲವು ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 1841ರಲ್ಲಿ ಭೂಮಿಯ ಆಕಾರವನ್ನು ನಿರ್ಣಯಿಸಿದನು. ಅವನ ಲೆಕ್ಕದಂತೆ ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6377.397 ಕಿಲೋಮೀಟರ್. ಜರ್ಮನಿ, ಜಪಾನ್ ಮೊದಲಾದ ದೇಶಗಳ ನಕ್ಷೆಗಳಿಗೆ ಬೆಸೆಲ್ ದೀರ್ಘವೃತ್ತಜ ಬಹುಕಾಲ ಆಧಾರವಾಗಿತ್ತು. ಬೇರೆ ಬೇರೆ ವಸ್ತುಗಳಿಂದ ಮಾಡಿದ ಲೋಲಕಗಳನ್ನು ತೂಗಿಸಿ, ಗುರುತ್ವವು ಎಲ್ಲ ವಸ್ತುಗಳ ಮೇಲೂ ಒಂದೇ ತೆರನಾಗಿ ವರ್ತಿಸುತ್ತದೆಂಬುದನ್ನೂ ಹಿಂದೆಂದಿಗಿಂತ ನಿಖರವಾಗಿ ಪರೀಕ್ಷಿಸಿದನು.

ಕೊನೆಯ ದಿನಗಳು

ಬೆಸೆಲ್‌ನ ಕೊನೆಯ ವರ್ಷಗಳಲ್ಲಿ ದುಃಖವೇ ಹೆಚ್ಚು. 1840ರಲ್ಲಿ ವಾಸ್ತುಶಿಲ್ಪದ ಅಭ್ಯಾಸ ಮಾಡುತ್ತಿದ್ದ ಮಗ ವಿಲ್ಹೆಲ್ಮ್ ತೀರಿಕೊಂಡನು. ಯುರೇನಸ್ ಗ್ರಹದ ಚಲನೆಯಲ್ಲಿ ಕಂಡ ಏರುಪೇರಿಗೆ ಅಜ್ಞಾತ ಗ್ರಹವೊಂದು ಕಾರಣವಿರಬಹುದೆಂದು ಬೆಸೆಲ್ ಭಾವಿಸಿದ್ದನು. ಅದಕ್ಕೆ ಬೇಕಾದ ಲೆಕ್ಕಗಳಲ್ಲಿ ತೊಡಗಿದ್ದ ಶಿಷ್ಯ ಫ್ಲೆಮಿಂಗನೂ ಅದೇ ವರ್ಷ ಮೃತನಾದನು. 1842ರಲ್ಲಿ ಬೆಸೆಲ್ ಯಾಕೋಬಿಯೊಡನೆ ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರಿನ ವಿಜ್ಞಾನ ಸಮ್ಮೇಳನದಲ್ಲಿ ಭಾಗವಹಿಸಿದನು. ಅನಂತರ ಆರೋಗ್ಯ ಕೆಡುತ್ತ ಬಂದು, ದೀರ್ಘಕಾಲದ ನೋವಿನ ಬಳಿಕ 17 ಮಾರ್ಚ್ 1846ರಂದು ಕೋನಿಗ್ಸ್‌ಬರ್ಗಿನಲ್ಲಿ ಮರಣ ಹೊಂದಿದನು. ಯುರೇನಸ್ಸಿನಾಚೆಯ ನೆಪ್ಚೂನ್ ಗ್ರಹ ಪತ್ತೆಯಾದುದು ಅದೇ ವರ್ಷದ ಸೆಪ್ಟೆಂಬರ್ 23ರಂದು. ಬೆಸೆಲ್ ಅದನ್ನು ನೋಡಲು ಉಳಿದಿರಲಿಲ್ಲ.

ಸ್ಮರಣೆ

ಚಂದ್ರನ ಮೇಲಿನ ಕುಳಿಯೊಂದಕ್ಕೂ 1552 ಬೆಸೆಲ್ ಎಂಬ ಕ್ಷುದ್ರಗ್ರಹಕ್ಕೂ ಈತನ ಹೆಸರನ್ನಿಡಲಾಗಿದೆ. ಬಾನಿನ ವಿಸ್ತಾರವಾದ ನಕ್ಷತ್ರಪಟ್ಟಿಯನ್ನು ರಚಿಸಿದ ಆರ್ಗೆಲಾಂಡರ್ ಈತನ ಶಿಷ್ಯ. ಈಜಿಪ್ಟಿನ ಪ್ರಾಚೀನ ಭಾಷೆಯ ವಿದ್ವಾಂಸ ಅಡಾಲ್ಫ್ ಎರ್ಮನ್ ಈತನ ಮಗಳ ವಂಶದವನು. ಕೋನಿಗ್ಸ್‌ಬರ್ಗ್ ಇಂದು ರಷ್ಯಕ್ಕೆ ಸೇರಿದ ಕಲಿನಿನ್‌ಗ್ರಾಡ್; ಬೆಸೆಲ್ ಕಟ್ಟಿ ಬೆಳೆಸಿದ ವೀಕ್ಷಣಾಲಯ ಎರಡನೆಯ ಮಹಾಯುದ್ಧದಲ್ಲಿ 1944ರ ಬಾಂಬು ದಾಳಿಗೆ ತುತ್ತಾಯಿತು. ಗಣಿತ, ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಸಿಲಿಂಡರಿನ ಸಮಸ್ಯೆಯೊಂದನ್ನು ಬಿಡಿಸಲು ಕುಳಿತಾಗ ಬೆಸೆಲ್‌ನ ಹೆಸರನ್ನು ಬರೆಯುತ್ತಾರೆ.